ಬಣ್ಣದ ಪೆಟ್ಟಿಗೆಗಿಂತ ಎರಡು ದಾಳವೇ ಮೇಲು: ನಗರದಲ್ಲಿ ಮೃಗ ಹುಡುಕುವ ಮೂರು ಆಟಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಟ್ರಾವೆಲರ್ ಎಂಬ ಆಟದ ಕಡೆಗೆ. ಅನ್ಯಗ್ರಹದ ಮೃಗವೊಂದು ಆಕಾಶನೌಕೆಗಳ ಬಂದರಿನಲ್ಲಿ ಬೋನು ಮುರಿದು ನಗರದೊಳಗೆ ನುಗ್ಗಿದೆ, ಬೆಳಗಾಗುವುದರೊಳಗೆ ಅದನ್ನು ಹುಡುಕಬೇಕು. ಈ ಒಂದೇ ಕಥೆಯನ್ನು ಈ ಮಳೆಗಾಲದಲ್ಲಿ ಮೂರು ರೋಲ್‌ಪ್ಲೇಯಿಂಗ್ ಆಟಗಳ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ನಡೆಸುವ ಆಟಗಳ) ನಿಯಮಗಳಲ್ಲಿ ಆಡಿಸಿದೆ. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಮನೆಯ ಊಟದ ಮೇಜು, ಹೊರಗೆ ಕಕ್ಕಡ ತಿಂಗಳ ಬಿಡದ ಮಳೆ. ಆಡಿದವರು ಭಾವ, ಅಕ್ಕನ ಮಗಳು, ಜೊತೆಗೆ ತೋಟಗಳಿಂದ ಆನೆ ಓಡಿಸುವ ತಂಡದಲ್ಲಿ ಹಲವು ವರ್ಷ ದುಡಿದ ಪಕ್ಕದ ಮನೆಯ ಅಣ್ಣ.

ಮೊದಲು ಆಡಿದ್ದು ಹೊರದೇಶದಿಂದ ತರಿಸಿದ ಪೆಟ್ಟಿಗೆಯನ್ನು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಗೆ ಹೊಂದುವ ಸಾಹಸ. ಸುಂಕ, ಸಾಗಣೆ ಸೇರಿ ನಾಲ್ಕು ಸಾವಿರ ದಾಟಿತು. ಚಿತ್ರಗಳು ಚೆಂದ, ಕಾಗದ ದಪ್ಪ. ಕೈಕೊಟ್ಟಿದ್ದು ನಕ್ಷೆ.

ಮೇಜು ತುಂಬುವಷ್ಟು ದೊಡ್ಡ ನಕ್ಷೆ, ಇರುವುದು ಒಂದೇ. ಮೃಗ ಅಡಗಿರುವ ಜಾಗವನ್ನೂ ಅದರಲ್ಲೇ ಮುದ್ರಿಸಿಬಿಟ್ಟಿದ್ದಾರೆ: ಕಾಲುವೆ ಪಕ್ಕದ ಹಳೆಯ ಉಗ್ರಾಣ, ಒಳಗೆ ಮೂಳೆಗಳ ರಾಶಿ, ಗೋಡೆಯ ತುಂಬ ಉಗುರಿನ ಗೀರು. ಆಟಗಾರರಿಗೆ ತೋರಿಸಲು ಬೇರೆ ಪ್ರತಿ ಇಲ್ಲ. ಹರಡಿದ ಕೂಡಲೇ ಅಕ್ಕನ ಮಗಳು ಬೆರಳಿಟ್ಟು, "ಮಾವ, ಇಲ್ಲೇ ಇದೆಯಲ್ಲ!" ಎಂದಳು. ಇಡೀ ರಾತ್ರಿಯ ಬೇಟೆ ಅಲ್ಲಿಗೇ ಮುಗಿಯಿತು.

ಮುಂದಿನ ವಾರ ಬೇರೆ ಬಳಗಕ್ಕೆ ಆಡಿಸುವಾಗ ಉಗ್ರಾಣದ ಮೇಲೊಂದು ಕಾಗದದ ಚೂರು ಅಂಟಿಸಿದೆ. ಅಂಟಿಸಿದ ಜಾಗವೇ ಗುಟ್ಟು ಬಿಟ್ಟುಕೊಟ್ಟಿತು. ಹನ್ನೆರಡು ಕಟ್ಟಡಗಳ ಮೇಲೆ ಅಂಟಿಸಿ ನೋಡಿದೆ, ಬೀದಿಗಳ ಹೆಸರೇ ಮುಚ್ಚಿಹೋದವು. ಗೋಣಿಕೊಪ್ಪದಲ್ಲಿ ಜೆರಾಕ್ಸ್ ಮಾಡಿಸಲು ಹೋದರೆ, ನಕ್ಷೆ ಪೂರ್ತಿ ಕಡುನೀಲಿ ರಾತ್ರಿಯ ಬಣ್ಣದ್ದಾದ್ದರಿಂದ ಮಸಿ ಬಳಿದಂಥ ಹಾಳೆ ಹೊರಬಂತು. ಅಷ್ಟರಲ್ಲಿ ತೇವಕ್ಕೆ ಮಡಿಕೆಗಳು ಉಬ್ಬಿ ನಕ್ಷೆ ಮೇಜಿನ ಮೇಲೆ ಸಪಾಟಾಗಿ ಕೂರುವುದನ್ನೇ ಬಿಟ್ಟಿತು.

ಮೃಗದ ಜಾಗ ಬದಲಾಯಿಸಿದರಾಯಿತು ಎಂದು ಭಾವ ಹೇಳಿದರು. ಬದಲಾಯಿಸಿದೆ. ಆದರೆ ಪುಸ್ತಕದ ಸುಳಿವುಗಳೆಲ್ಲ ಆ ಉಗ್ರಾಣದ ಕಡೆಗೇ ಬೆರಳು ತೋರುತ್ತವೆ: ಕಾವಲುಗಾರನ ಮಾತು, ಕಾಲುವೆಯಲ್ಲಿ ತೇಲುವ ಹೆಣ, ದೋಣಿಯ ಮೇಲಿನ ರಕ್ತ. ಒಂದನ್ನು ಕಿತ್ತರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಅಷ್ಟೆಲ್ಲ ನಾನೇ ಮಾಡಬೇಕಾಗಿದ್ದರೆ ನಾಲ್ಕು ಸಾವಿರ ಕೊಡುತ್ತಲೇ ಇರಲಿಲ್ಲ.

ಆ ನಿಯಮಗಳಲ್ಲಿ ಹೆದರಿಕೆಯೂ ಹುಟ್ಟಲಿಲ್ಲ. ಐದನೇ ಹಂತದ ಯೋಧನಿಗೆ 40ರ ಆಸುಪಾಸು ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಲೆಕ್ಕ) ಇರುತ್ತದೆ. ಮೃಗ ಮೈಮೇಲೆ ಎರಗಿದರೂ ಅವನು ನಿಂತೇ ಹೊಡೆಯುತ್ತಾನೆ.

ಎರಡನೆಯದಾಗಿ, ಏಲಿಯನ್ ಸಿನಿಮಾಗಳನ್ನು ಆಧರಿಸಿದ 2019ರ ಏಲಿಯನ್ ಆಟವನ್ನು ಗೆಳೆಯರಿಂದ ಎರವಲು ತಂದಿದ್ದೆ. ಪಾತ್ರದ ಒತ್ತಡ ಏರಿದಂತೆ ಸೇರುವ ಹೆಚ್ಚುವರಿ ದಾಳಗಳಲ್ಲಿ ಒಂದು ಬಿದ್ದರೆ ಪಾತ್ರ ದಿಗಿಲುಗೊಳ್ಳಬಹುದಾದ ನಿಯಮ ಅದ್ಭುತ, ಅಕ್ಕನ ಮಗಳು ನಿಜವಾಗಿಯೂ ಬೆಚ್ಚಿದಳು. ಮುಚ್ಚಿದ ನೌಕೆಯೊಳಗಿನ ಒಂದು ರಾತ್ರಿಯ ಕಥೆಗೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಜಾಡು ಹಿಡಿದು ಬೀದಿ ಬೀದಿ ಸುತ್ತುವ ಬೇಟೆಯಲ್ಲಿ ಎಲ್ಲರೂ ಬೇಗನೆ ಕಂಗೆಟ್ಟು ಚದುರಿಹೋದರು.

ಟ್ರಾವೆಲರ್ 1977ರಲ್ಲಿ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಬಂದ ಆಟ. ನಾನು ಹಳೆಯ ನಿಯಮಗಳ ಪಿಡಿಎಫ್ ಕೊಂಡು, ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಅದರಲ್ಲಿ ಪ್ರಾಣಿಗಳನ್ನು ವಿಂಗಡಿಸಿರುವುದು ಅವು ಬದುಕುವ ಬಗೆಯಿಂದ: ಮೇಯುವುದು, ಅಟ್ಟಿಸಿಕೊಂಡು ಹೋಗುವುದು, ಹೊಂಚು ಹಾಕಿ ಎರಗುವುದು, ಬಲೆ ಒಡ್ಡುವುದು. ಹೊಂಚು ಹಾಕುವ ಮೃಗಕ್ಕೆ ಒಂದು ಚಿಕ್ಕ ನಿಯಮವಿದೆ. ನಮಗೆ ಅರಿವಾಗದಂತೆ ಅದು ಬಂದರೆ ಎರಗುತ್ತದೆ. ಅದಕ್ಕೆ ಅರಿವಾಗದಂತೆ ನಾವು ಹೋದರೆ ಓಡುತ್ತದೆ. ಇದನ್ನು ಓದಿ ಹೇಳಿದಾಗ ಪಕ್ಕದ ಮನೆಯ ಅಣ್ಣ ಕಾಫಿ ಲೋಟ ಕೆಳಗಿಟ್ಟು, "ಚಿರತೆಯೂ ಹೀಗೆಯೇ" ಎಂದರು.

ಆ ರಾತ್ರಿ ಗ್ರಾಫ್ ಹಾಳೆಯ ಮೇಲೆ ಆಟಗಾರರು ನಡೆದ ಬೀದಿಗಳನ್ನಷ್ಟೇ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಮೀನುಪೇಟೆಯ ಹಿಂದೆ ಮೃಗದ ಹಿಕ್ಕೆ ಸಿಕ್ಕಿತು ಎಂದೆ. ಅಣ್ಣ ಮೊದಲು ಕೇಳಿದ್ದು, ಬಿಸಿ ಇದೆಯೇ ಎಂದು. ಆಮೇಲೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು. ಗಾಳಿಯ ದಿಕ್ಕನ್ನು ನಾನು ಯೋಚಿಸಿರಲಿಲ್ಲ, ದಾಳ ಹಾಕಿ ಹೇಳಿದೆ. ಅವರು ಎದುರುಗಾಳಿಗೆ ಸುತ್ತಿ ಬಂದರು. ಮೂರು ಓಣಿಗಳಲ್ಲಿ ಡಬ್ಬ ಬಡಿಯಲು ಜನ ನಿಲ್ಲಿಸಿ, ನಾಲ್ಕನೆಯದನ್ನು ಖಾಲಿ ಬಿಟ್ಟರು. ಓಡಿಸುವಾಗ ಪ್ರಾಣಿಗೆ ಹೋಗಲು ಒಂದು ದಾರಿ ಇರಲೇಬೇಕು, ಇಲ್ಲದಿದ್ದರೆ ನಮ್ಮ ಮೇಲೇ ತಿರುಗುತ್ತದೆ ಎಂದರು. ಕತ್ತಲಲ್ಲಿ ಸದ್ದಾಗದಂತೆ ಹತ್ತಿರ ಹೋಗಲು ಎಂಟು ಅಥವಾ ಹೆಚ್ಚು ಬೀಳಬೇಕಿತ್ತು. ಎರಡು ದಾಳದಲ್ಲಿ ಅದು 36ಕ್ಕೆ 15 ಸಲ ಮಾತ್ರ ಬೀಳುತ್ತದೆ. ಒಂಬತ್ತು ಬಿತ್ತು. ಮೃಗ ಖಾಲಿ ಓಣಿಗೆ ಓಡಿತು. ತಪ್ಪಿದ್ದರೆ ಮೊದಲ ಏಟಿಗೇ ಯಾರಾದರೂ ಪ್ರಜ್ಞೆ ತಪ್ಪಿ ಬೀಳುವ ಸಾಧ್ಯತೆಯಿತ್ತು, ಗಾಯ ಇಲ್ಲಿ ನೇರವಾಗಿ ಬಲ, ಚುರುಕು, ತಾಳಿಕೆಗಳಿಂದಲೇ ಕಳೆಯುತ್ತದೆ.

ಟ್ರಾವೆಲರ್‌ಗೆ ನನ್ನ ಎರಡು ಸಂಜೆಗಳ ತಯಾರಿ ಬೇಕಾಯಿತು. ಪಾತ್ರ ರಚಿಸುವಾಗಲೇ ಪಾತ್ರ ಸಾಯುವ ಹಳೆಯ ನಿಯಮವನ್ನು ಕೈಬಿಟ್ಟೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ನನಗೆ ಸಂಜೆಗಳು ಸಿಗುತ್ತವೆ. ಬರೆದು, ಅಳಿಸಿ ಆಡಿಸುವುದು ನನಗಿಷ್ಟ. ಮುದ್ರಣ, ಬೈಂಡಿಂಗ್ ಎಲ್ಲ ಸೇರಿದರೂ ಪೆಟ್ಟಿಗೆಯ ಬೆಲೆಯ ಕಾಲುಭಾಗ ಆಗಲಿಲ್ಲ, ದಾಳಗಳು ಮನೆಯ ಲೂಡೋದವು. ತಯಾರಿಗೆ ಬಿಡುವಿಲ್ಲದವರು ಪೆಟ್ಟಿಗೆಯನ್ನೇ ಕೊಳ್ಳಬಹುದು, ಆದರೆ ಆಟಗಾರರಿಗೆ ಬೇರೆ ನಕ್ಷೆ ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ನಮ್ಮ ಮೃಗ ಈಗ ಖಾಲಿ ಓಣಿಯಿಂದ ಹೊಳೆ ದಾಟಿದೆ. ಭಾನುವಾರದೊಳಗೆ ಗ್ರಾಫ್ ಹಾಳೆಗೆ ಇನ್ನೊಂದು ಹಾಳೆ ಅಂಟಿಸಬೇಕು.