ರೋಟರಿ ಇಂಜಿನ್ ತಂಪು ಇಡಾಕ ತೆಳ್ಳನ ರೇಡಿಯೇಟರೋ ದಪ್ಪನ ಎಸಿ ಕೋರೋ, ಎರಡೂ ಕಟ್ಟಿ ನೋಡಿದ್ದು

ಎರಡು ಸೀಟಿನ ವಿಮಾನ ಸ್ವಂತ ಕಟ್ಟಬೇಕು, ಅದಕ್ಕ ಮಾಜ್ಡಾ ಕಾರಿನ 13ಬಿ ರೋಟರಿ ಇಂಜಿನ್ ಹಾಕಬೇಕು ಅಂತ ನಾವು ಕೆಲವು ಗೆಳ್ಯಾರು ಬೆಳಗಾವಿ ಉದ್ಯಮಬಾಗದಾಗ ಕೆಲಸ ಹಚ್ಚೀವಿ. ವಿಮಾನ ಇನ್ನೂ ಹಾರಿಲ್ಲ, ಇಂಜಿನ್ ಮಾತ್ರ ಪ್ರೊಪೆಲರ್ ಹಾಕ್ಕೊಂಡು ಸ್ಟ್ಯಾಂಡ್ ಮ್ಯಾಲೆ ಓಡಾಕತ್ತೈತಿ. ಹಂಗಾಗಿ ಇಲ್ಲಿ ಬರ್ಯೋದೆಲ್ಲ ನೆಲದ ಮ್ಯಾಲಿನ ಟೆಸ್ಟಿಂದು.

13ಬಿ ಅಂದ್ರ ಎರಡು ರೋಟರ್ (ಪಿಸ್ಟನ್ ಬದಲಿ ಒಳಗ ತಿರಗೋ ಮೂರು ಮೂಲಿ ತುಂಡು), 1308 ಸಿಸಿ, ವಾಲ್ವ್ ಇಲ್ಲ, ಪಿಸ್ಟನ್ ಇಲ್ಲ, ಭಾಳ ಸ್ಮೂತ್. ಆದ್ರ ಶಾಖದ ಲೆಕ್ಕ ಬ್ಯಾರೆನ ಐತಿ. ರೋಟರ್ ಒಳಗ ತಂಪು ಮಾಡೋದು ನೀರಲ್ಲ, ಆಯಿಲ್. ನೀರು ಆಯಿಲ್ ಎರಡೂ ಕೂಡಿ ಹೊರಗ ಹಾಕೋ ಶಾಖದಾಗ ಹೆಚ್ಚುಕಡಿಮಿ ಮೂರರಾಗ ಒಂದು ಪಾಲು ಆಯಿಲ್‌ದ, ಅದಕ್ಕ ಕಾರಿನ ಪಿಸ್ಟನ್ ಇಂಜಿನ್ ನೋಡಿ ಆಯಿಲ್ ಕೂಲರ್ ಸೈಜ್ ಹಿಡಿದ್ರ ನಡ್ಯಂಗಿಲ್ಲ. ಇನ್ನ ಬೆಂಕಿ ಹತ್ತೋದು ಯಾವಾಗ್ಲೂ ಹೌಸಿಂಗಿನ (ರೋಟರ್ ಸುತ್ತಿನ ಹೊರಕವಚದ) ಒಂದ ಕಡೆ, ಆ ಮಗ್ಗಲು ಸದಾ ಸುಡತಿರತೈತಿ. ರೋಟರ್ ಹೌಸಿಂಗ್ ಅಲ್ಯುಮಿನಿಯಂ, ಸೈಡ್ ಹೌಸಿಂಗ್ ಬೀಡು, ನಡುವ ರಬ್ಬರ್ ಸೀಲ್, ಒಮ್ಮೆ ಜೋರಾಗಿ ಓವರ್‌ಹೀಟ್ ಆತಂದ್ರ ಸೀಲ್ ಗಟ್ಟಿಯಾಗಿ ನೀರು ಒಳಗ ಚೇಂಬರಿಗೆ ಇಳಿತೈತಿ. ನಾವು ಇಟ್ಕೊಂಡ ಗೆರಿ ಏನಂದ್ರ ಆಯಿಲ್ 100 ಡಿಗ್ರಿ ಒಳಗ, ನೀರು 105ರ ಒಳಗ.

ಈಗ ಹೋಲಿಕೆ. ಒಂದು ಕಡೆ ಸಣ್ಣ ಕಾರಿನ ತೆಳ್ಳನ ಅಗಲ ರೇಡಿಯೇಟರ್, ಹೊಟ್ಟಿ ಕೆಳಗ ಒಂದ. ಇನ್ನೊಂದು ಕಡೆ ಎಸಿ ಇವ್ಯಾಪೊರೇಟರ್ ಕೋರ್ (ಕಾರಿನ ಎಸಿಯೊಳಗ ಗಾಳಿ ತಂಪು ಮಾಡೋ ದಪ್ಪನ ಜಾಳಿಗಿ) ಎರಡು, ಕೌಲಿಂಗಿನ (ಇಂಜಿನ್ ಮುಚ್ಚೋ ಹೊದಿಕಿಯ) ಎರಡೂ ಗಲ್ಲದ ಕೆಳಗ ಒಂದೊಂದು. ಅಮೆರಿಕಾದಾಗ ರೋಟರಿ ಹಾರಸೋ ಮಂದಿ ಜನರಲ್ ಮೋಟರ್ಸ್ ಕಾರಿನ ಇವ್ಯಾಪೊರೇಟರ್ ಕೋರನ್ನ ರೇಡಿಯೇಟರ್ ಮಾಡ್ಕೊಂಡು ವರ್ಷಾನುಗಟ್ಟಲೆ ಹಾರ್ಯಾರ, ಅದನ್ನ ಓದೇ ನಮಗೂ ಆಸೆ ಹುಟ್ಟಿತು. ಗ್ಯಾಸಿನ ಪ್ರೆಶರ್ ತಡ್ಯೋ ವಸ್ತು ಅದು, ರೇಡಿಯೇಟರ್ ಕ್ಯಾಪಿನ ಒಂದು ಬಾರ್ ಅದಕ್ಕ ಏನೂ ಅಲ್ಲ. ಪೈಪ್ ಕೂಡ್ರಸಾಕ ಅಲ್ಯುಮಿನಿಯಂ ಟಿಗ್ ವೆಲ್ಡಿಂಗ್ ಬೇಕು, ಉದ್ಯಮಬಾಗದಾಗ ಅದಕ್ಕ ಬರ ಇಲ್ಲ.

ಟೆಸ್ಟಿಗೆ ಗಾಳಿ ಎಲ್ಲಿಂದ ಅಂದ್ರ ಪರಿಚಯದ ಫೌಂಡ್ರಿಯಿಂದ ಕ್ಯೂಪೋಲಾ ಬ್ಲೋವರ್ (ಬೀಡು ಕರಗಸೋ ಕುಲುಮಿಗೆ ಗಾಳಿ ಊದೋ ಫ್ಯಾನ್) ತಂದ್ವಿ. ಬೆಳಗಾವ್ಯಾಗ ಫೌಂಡ್ರಿ ಇರೋದು ನಮ್ಮ ಪುಣ್ಯ, ಇಷ್ಟು ಪ್ರೆಶರ್ ಕೊಡೋ ಫ್ಯಾನ್ ಬ್ಯಾರೆ ಊರಾಗ ಎಲ್ಲಿ ಹುಡಕೋದು. 90 ನಾಟ್ (ತಾಸಿಗೆ ಸುಮಾರು 167 ಕಿಲೋಮೀಟರ್) ವೇಗದಾಗ ಏರೋ ವಿಮಾನದ ಮುಂದ ಗಾಳಿ ಒತ್ತಡ ಸಮುದ್ರಮಟ್ಟದಾಗ ಸುಮಾರು 130 ಮಿಲಿಮೀಟರ್ ನೀರಿನಷ್ಟು ಇರತೈತಿ, ನಮ್ಮೂರು 750 ಮೀಟರ್ ಎತ್ತರದಾಗ ಐತಿ, ಬ್ಯಾಸಗಿ ಗಾಳಿ 35 ಡಿಗ್ರಿ ಅಂತ ಹಿಡಿದ್ರ ಅದು 115ರ ಹತ್ರ ಬರತೈತಿ. ಪಾರದರ್ಶಕ ಪೈಪಿಗೆ ಬಣ್ಣದ ನೀರು ಹಾಕಿ ಯು ಆಕಾರ ಬಗ್ಗಿಸಿ ಬ್ಲೋವರಿನ ಒತ್ತಡ ಅಳದ್ವಿ, ಸಾವಿರಾರು ರೂಪಾಯಿ ಮೀಟರ್ ಬೇಕಾಗಂಗಿಲ್ಲ.

ಬ್ಲೋವರ್ ಇಲ್ಲದ ಬರೇ ಪ್ರೊಪೆಲರ್ ಗಾಳಿಗೆ ತೆಳ್ಳನ ರೇಡಿಯೇಟರ್ ಗೆದ್ದಿತು, ಅದರಾಗ ಮಾತಿಲ್ಲ. ಅಗಲ ಹೆಚ್ಚು, ಗಾಳಿಗೆ ತಡೆ ಕಡಿಮಿ, ಟ್ಯಾಕ್ಸಿ ಮಾಡೋ (ವಿಮಾನ ನೆಲದ ಮ್ಯಾಲೆ ಮೆಲ್ಲಕ ಓಡಸೋ) ಹೊತ್ತಿನಾಗ ನೀರು ಹತೋಟ್ಯಾಗ ಇರತೈತಿ. ದಪ್ಪ ಕೋರ್ ಜೋಡಿ ಅಲ್ಲಿ ಸೋತಿತು, ನಿಂತಲ್ಲೇ ಥ್ರಾಟಲ್ ಕೊಟ್ರ ಮುಳ್ಳು ಏರಕೊಂತನ ಹೋಗತೈತಿ. ಆದ್ರ 115 ಮಿಲಿಮೀಟರ್ ಒತ್ತಡ ಕೊಟ್ಟ ಮ್ಯಾಲೆ ಆಟ ಬದಲಾತು. ದಪ್ಪ ಕೋರಿನಾಗ ಗಾಳಿ ನಿಧಾನ ಹಾದು, ಪೂರ್ತಿ ಬಿಸಿ ಹೊತ್ಕೊಂಡು ಹೊರಗ ಬರತೈತಿ, ಅಂದ್ರ ಅಷ್ಟ ಶಾಖಕ್ಕ ಕಡಿಮಿ ಗಾಳಿ ಸಾಕು, ಮುಂದಿನ ಬಾಯಿ ಸಣ್ಣದು ಸಾಕು, ಡ್ರ್ಯಾಗ್ (ಗಾಳಿ ವಿಮಾನನ ಹಿಂದಕ್ಕ ಎಳ್ಯೋದು) ಕಡಿಮಿ. ತೆಳ್ಳನದು ಗಾಳಿ ಸುಮ್ನ ಜಾಸ್ತಿ ಕುಡಿತೈತಿ, ಹೊಟ್ಟಿ ಕೆಳಗ ಅದರ ದೊಡ್ಡ ಬಾಯಿ ಹೊತ್ಕೊಂಡು ಹಾರೋದು ನನಗಂತೂ ಒಪ್ಪಿಗಿ ಇಲ್ಲ.

ಖರೆ ಹೇಳಬೇಕಂದ್ರ ಎರಡರ ನಡುವಿನ ಅಂತರಕ್ಕಿಂತ ಡಕ್ಟ್ (ಕೋರಿಗೆ ಗಾಳಿ ಒಯ್ಯೋ ಕೊಳವಿ) ಮಾಡೋ ಅಂತರ ದೊಡ್ಡದು! ಅದ ಕೋರ್, ಅದ ಬ್ಲೋವರ್, ಕೋರಿನ ಸುತ್ತ ಇದ್ದ ಸಂದಿಗೆ ಫೋಮ್ ಹಚ್ಚಿ ಮುಚ್ಚಿದ್ವಿ ಅಷ್ಟ, ನೀರಿನ ಉಷ್ಣಾಂಶ ಕಣ್ಣಿಗೆ ಕಾಣೋಹಂಗ ಇಳಿತು, ಯಾಕಂದ್ರ ಗಾಳಿ ಯಾವತ್ತೂ ಸುಲಭದ ದಾರಿ ಹಿಡಿತೈತಿ, ಸಂದಿ ಇದ್ರ ಕೋರಿನಾಗ ಯಾಕ ಹೋಗತೈತಿ. ಮುಂದಿನ ಬಾಯಿ ಕೋರಿನ ಕಾಲುಭಾಗದಷ್ಟು ಇಟ್ಟು, ಮೊದಲು ಮೆಲ್ಲಕ ಅಗಲ ಮಾಡಿ ಕೋರಿನ ಹತ್ರ ಬಂದಾಗ ಕಹಳೆ ಬಾಯಿ ಹಂಗ ಒಮ್ಮೆಲೆ ತೆರದ್ವಿ, ಗೋಡಿ ನೆಟ್ಟಗ ಚೂಪಾಗಿ ಅಗಲ ಮಾಡಿದ್ರ ಗಾಳಿ ಗೋಡಿ ಬಿಟ್ಟು ಸುಳಿ ಹೊಡಿತೈತಿ. ಹಿಂದಿನ ಬಾಯಿಗೆ ಫ್ಲ್ಯಾಪ್ ಬೇಕಾ ಬೇಕು, ನೆಲದ ಮ್ಯಾಲೆ ಪೂರ್ತಿ ತೆಗ್ಯಾಕ, ಮ್ಯಾಲೆ ಹೋದ ಮ್ಯಾಲೆ ಮುಚ್ಚಾಕ. ಎರಡನೇ ಮಹಾಯುದ್ಧದ ಮಸ್ಟಾಂಗ್ ಪಿ-51 ಹೊಟ್ಟಿ ಕೆಳಗ ಇದ್ದದ್ದು ಇದ ವಿದ್ಯಾ.

ಪೈಪಿನ ವಿಷಯ ಬೇಗ ಹೇಳತೀನಿ. ಎಸಿ ಕೋರಿನ ಒಳದಾರಿ ಸಣ್ಣ, ಒಂದರ ಹಿಂದ ಒಂದು ಜೋಡಿಸಿದ್ರ ಪಂಪಿಗೆ ಭಾರ, ಅದಕ್ಕ ಪ್ಯಾರಲಲ್, ಅಂದ್ರ ನೀರು ಎರಡಕ್ಕೂ ಹಂಚಿಕೊಂಡು ಹೋಗೋಹಂಗ. ಎಲ್ಲಕ್ಕಿಂತ ಎತ್ತರದ ಜಾಗಕ್ಕ ಗಾಳಿ ಬಿಡೋ ಸಣ್ಣ ಟ್ಯಾಂಕ್, ಸಿಕ್ಕಿಬಿದ್ದ ಗುಳ್ಳಿ ಒಂದ ಸಾಕು, ಗೇಜ್ ಚಲೋ ತೋರಸ್ತಿರತೈತಿ, ಒಳಗ ಹೌಸಿಂಗ್ ಸುಡತಿರತೈತಿ.

ಆಯಿಲ್ ಕೂಲರಿನಾಗ ಪೈಪೋಟಿನ ಇಲ್ಲ. ಅಂಗಡ್ಯಾಗ ಸಿಗೋ ಸಣ್ಣ ಪ್ಲೇಟ್ ಕೂಲರ್ ಫುಲ್ ಪವರಿನಾಗ ನೂರರ ಗೆರಿ ದಾಟಿಸಿಬಿಟ್ಟಿತು, ಹಳೇ ಆರ್‌ಎಕ್ಸ್-7ರ (ಮಾಜ್ಡಾದ ರೋಟರಿ ಕಾರಿನ) ಉದ್ದನ ಕೂಲರಿಗೆ ಬ್ಯಾರೆ ಡಕ್ಟ್ ಕೊಟ್ಟ ಮ್ಯಾಲೇ ಮುಳ್ಳು ನಿಂತಿತು. ರೇಡಿಯೇಟರಿನಿಂದ ಬಂದ ಬಿಸಿ ಗಾಳಿ ಇದಕ್ಕ ತೋರಸಬ್ಯಾಡ್ರಿ.

ನಮ್ಮ ವಿಮಾನಕ್ಕ ದಪ್ಪ ಕೋರ್ ಜೋಡಿನ ಹೊಂಟೈತಿ, ನೆಲದ ಮ್ಯಾಲೆ ಹೆಚ್ಚು ಹೊತ್ತು ನಿಲ್ಲಂಗಿಲ್ಲ ಅನ್ನೋ ನಿಯಮ ಹಾಕ್ಕೊಂಡು. ಇನ್ನ ಬಾಗಲಕೋಟಿ ವಿಜಯಪುರ ಕಡೆ ಕಟ್ಟೋರಿದ್ರ ಒಂದು ಲೆಕ್ಕ ಹಿಡಿರಿ, ಹೊರಗಿನ ಗಾಳಿ 35ರಿಂದ 42ಕ್ಕ ಹೋದ್ರ ನೀರು ಆಯಿಲ್ ಎರಡರ ಮುಳ್ಳೂ ಹತ್ರಹತ್ರ ಅಷ್ಟ ಏಳು ಡಿಗ್ರಿ ಏರತಾವು, ಬೆಳಗಾವ್ಯಾಗ 95ಕ್ಕ ನಿಂತ ಆಯಿಲ್ ನಿಮ್ಮಲ್ಲಿ ಗೆರಿ ದಾಟತೈತಿ, ಆಯಿಲ್ ಕೂಲರ್ ಒಂದು ಸೈಜ್ ದೊಡ್ಡದ ತಗೋರಿ.