ಗೋರ್ದ್, ರುಸಿಯೋಂ, ಬೋನಿಯೂ: ಲುಬೆರೋಂನ ಗುಡ್ಡದೂರುಗಳಲ್ಲಿ ಯಾವುದಕ್ಕೆ ಹೋಗಬೇಕು?

ದಕ್ಷಿಣ ಫ್ರಾನ್ಸ್‌ನ ಲುಬೆರೋಂ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಗೋರ್ದ್. ಫೋಟೋದಲ್ಲಿ ಕಂಡ ಹಾಗೇ ಇದೆ. ಬಂಡೆಗೆ ಅಂಟಿಕೊಂಡು ಒಂದರ ಮೇಲೊಂದು ಕೂತ ಕಲ್ಲಿನ ಮನೆಗಳು, ನೆತ್ತಿಯಲ್ಲಿ ಕೋಟೆ. ಆದರೆ ಆ ನೋಟ ಸಿಗುವುದು ಊರೊಳಗಲ್ಲ, ಊರಿಗೆ ಬರುವ ರಸ್ತೆಯ ತಿರುವಿನಲ್ಲಿ. ಒಳಗೆ ಹೋದರೆ ಬರೀ ಅಂಗಡಿ, ಕಾಫಿಗೂ ಜಾಸ್ತಿ ದುಡ್ಡು, ಬೇಸಿಗೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಪಕ್ಕದ ಕಣಿವೆಯಲ್ಲಿ 1148ರಲ್ಲಿ ಶುರುವಾದ ಸೆನಾಂಕ್ ಮಠ ಇದೆ, ಸನ್ಯಾಸಿಗಳು ಈಗಲೂ ಅಲ್ಲೇ ಇದ್ದಾರೆ. ನನಗೆ ಊರಿಗಿಂತ ಅದೇ ಹಿಡಿಸಿತು. ಮಠದ ಮುಂದಿನ ಲ್ಯಾವೆಂಡರ್ ಹೂವಿನ ಹೊಲ ನೋಡಬೇಕಾದವರು ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಹೋಗಬೇಕು, ಆಮೇಲೆ ಕೊಯ್ದುಬಿಡುತ್ತಾರೆ.

ರುಸಿಯೋಂ ಕಥೆ ಬೇರೆ. ಊರಿಗೆ ಊರೇ ಕೆಂಪು, ಹಳದಿ, ಕಿತ್ತಳೆ. ಊರು ಕೂತಿರುವುದೇ ಓಕರ್ ಅನ್ನೋ ಬಣ್ಣದ ಮಣ್ಣಿನ ಗುಡ್ಡದ ಮೇಲೆ, ಗೋಡೆಗೆ ಬಳಿದಿರುವುದೂ ಅದೇ ಮಣ್ಣು. 18ನೇ ಶತಮಾನದ ಕೊನೆಯಿಂದ ಇಲ್ಲಿ ಇದನ್ನು ಅಗೆದು ಬಣ್ಣ ಮಾಡುತ್ತಿದ್ದರು. ಮರಳು ಬೆರೆತ ಮಣ್ಣನ್ನು ನೀರಲ್ಲಿ ಹರಿಸಿದರೆ ಭಾರದ ಮರಳು ಮೊದಲೇ ಕೆಳಗೆ ಕೂರುತ್ತೆ, ನುಣುಪು ಓಕರ್ ಮುಂದೆ ತೊಟ್ಟಿಗೆ ಹೋಗುತ್ತೆ, ಅಲ್ಲಿ ಅದನ್ನು ಒಣಗಿಸಿ ಇಟ್ಟಿಗೆ ಹಾಗೆ ಕತ್ತರಿಸುತ್ತಾರೆ, ಹಳದಿ ಓಕರನ್ನು ಸುಟ್ಟರೆ ಕೆಂಪಾಗುತ್ತೆ, ಅಷ್ಟೇ ಗುಟ್ಟು. ಹಳೆ ಕಾರ್ಖಾನೆಯೊಂದರಲ್ಲಿ ಇದನ್ನೆಲ್ಲ ತೋರಿಸುತ್ತಾರೆ. ಹಳೆ ಗಣಿಯೊಳಗಿನ ಕಾಲುದಾರಿಗೆ ಟಿಕೆಟ್ ಇದೆ, ಆದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬಿಳಿ ಶೂ ಮಾತ್ರ ಹಾಕಬೇಡಿ! ಮಣ್ಣು ಪುಡಿಪುಡಿ, ಕುಂಕುಮ ಮೆತ್ತಿದ ಹಾಗೆ ಕಾಲಿಗೆ ಅಂಟುತ್ತೆ, ಎಷ್ಟು ಕೊಡವಿದರೂ ಸಾಕ್ಸ್ ಕೆಂಪೇ. ಎರಡನೇ ಮಹಾಯುದ್ಧದಲ್ಲಿ ನಾತ್ಸಿಗಳಿಂದ ತಪ್ಪಿಸಿಕೊಂಡು, ಮಂಕು ಕವಿದ ಖಾಲಿ ರಂಗದ ನಾಟಕಗಳನ್ನು ಬರೆದ ಸ್ಯಾಮ್ಯುಯೆಲ್ ಬೆಕೆಟ್ ಬಂದು ಅಡಗಿದ್ದು ಇದೇ ಊರಲ್ಲಿ. ಇಷ್ಟು ಬಣ್ಣದ ನಡುವೆ ಬೆಕೆಟ್, ಯೋಚನೆ ಮಾಡಿ!

ಬೋನಿಯೂ ಇಷ್ಟು ಸದ್ದು ಮಾಡುವುದಿಲ್ಲ. 'ಫ್ರಾನ್ಸ್‌ನ ಅತಿ ಸುಂದರ ಹಳ್ಳಿಗಳು' ಪಟ್ಟಿಯಲ್ಲಿ ಉಳಿದೆರಡೂ ಇವೆ, ಇದಿಲ್ಲ. ಅದೇ ಒಳ್ಳೆಯದಾಯಿತು. ಶುಕ್ರವಾರದ ಸಂತೆಗೆ ಊರವರೇ ಚೀಲ ಹಿಡಿದು ಬರುತ್ತಾರೆ. 86 ಮೆಟ್ಟಿಲು ಹತ್ತಿದರೆ ಹಳೇ ಚರ್ಚು, ದೇವದಾರು ಮರಗಳ ನೆರಳು, ದೂರದಲ್ಲಿ ವಾಂಟು ಬೆಟ್ಟ, ಎದುರು ಗುಡ್ಡದಲ್ಲಿ ಲಾಕೋಸ್ಟ್ ಊರಿನ ಪಾಳು ಕೋಟೆ, ಕಾಮ-ಕ್ರೌರ್ಯದ ಬರಹಗಳಿಂದ ಕುಖ್ಯಾತನಾದ ಲೇಖಕ ಮಾರ್ಕಿ ದ ಸಾದ್ ಇದ್ದದ್ದು ಅಲ್ಲೇ. ಬೋನಿಯೂ ಪೋಪನ ಆಳ್ವಿಕೆಗೆ ಸೇರಿತ್ತು. ಲಾಕೋಸ್ಟ್‌ನವರು ಪೋಪನ ವಿರೋಧಿಗಳು, 1545ರಲ್ಲಿ ಅದಕ್ಕಾಗಿಯೇ ಅಲ್ಲಿ ಕಗ್ಗೊಲೆ ಆಯಿತು. ಎದುರುಬದುರು ಕೂತ ಊರುಗಳು ನೋಡಿ.

ನನ್ನ ಲೆಕ್ಕ: ಬೋನಿಯೂದಲ್ಲಿ ರೂಮು ಮಾಡಿ, ರುಸಿಯೋಂಗೆ ಅರ್ಧ ದಿನ ಕೊಡಿ, ಗೋರ್ದ್‌ಗೆ ಬೆಳಿಗ್ಗೆ ಬೇಗ ಹೋಗಿ ತಿರುವಿನಲ್ಲಿ ಫೋಟೋ ತೆಗೆದು ಮಠದ ಕಡೆ ಇಳಿಯಿರಿ. ಬಸ್ಸು ನಂಬಬೇಡಿ, ಕಾರು ಬೇಕೇ ಬೇಕು. ಊಟಕ್ಕೆ ಮಧ್ಯಾಹ್ನ ಎರಡರೊಳಗೆ ಕೂರಬೇಕು. ಆಮೇಲೆ ಅಡುಗೆಮನೆ ಮುಚ್ಚಿರುತ್ತೆ, ಗೋಗರೆದರೂ ಏನೂ ಸಿಗಲ್ಲ.