ಚೇಂಬರ್ ಇಳಿಸಿ ಮಾರಿಸ್ ಮೈನರಿನ ಆಯಿಲ್ ಪಂಪ್ ಬದಲ್ ಮಾಡೇನಿ ಅಂದ್ರ ರೊಕ್ಕ ಕೊಡಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡ ಕಡೆ ಹಳೇ ಬ್ರಿಟಿಷ್ ಗಾಡಿ ಇಟ್ಕೊಂಡಾವ್ರು ಯಾರರ ಇದ್ರ ಇದನ್ನ ಪೂರಾ ಓದ್ರಿ. ಗ್ಯಾರೇಜಿನ ಹೆಸರು ಹಾಕಂಗಿಲ್ಲ, ಫೋನ್ ಮಾಡಿನೂ ಕೇಳಬ್ಯಾಡ್ರಿ. ಆದ್ರ ಅವ್ರು ಮಾಡಿದ್ದು ಏನು ಅನ್ನೂದು ಗೊತ್ತಿದ್ರ ನಿಮ್ಮ ಎಂಜಿನ್ ಉಳೀತೈತಿ.

ನಮ್ಮದು ಮಾರಿಸ್ ಮೈನರ್ 1000, ಕಾಕಾನ ಕಾಲದ್ದು, 948 ಸಿಸಿ ಎ-ಸೀರೀಸ್ ಎಂಜಿನ್. ಹಳೇ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಐತಲ್ಲ, ಅದು ಬಿ-ಸೀರೀಸ್, ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿದ್ದs, ಅಣ್ಣ-ತಮ್ಮ ಇದ್ದಂಗ. ಇಲ್ಲೇ ಎಲ್ಲಾ ಗಂಟು ಬಿದ್ದಿದ್ದು. ನಮ್ಮ ಕಡೆ ಅಂಬಾಸಡರ್ ಮ್ಯಾಲೆ ಕೈ ಪಳಗಿಸಿದ ಮಿಸ್ತ್ರಿಗೋಳು ಭಾಳ ಅದಾರ, ಮೈನರ್ ತಗೊಂಡು ಹೋದ್ರ "ಎಲ್ಲಾ ಒಂದs ರೀ ಸರ್" ಅಂತಾರ. ಒಂದs ಅಲ್ಲ.

ಆಯಿಲ್ ಲೈಟ್ (ಎಣ್ಣಿ ಪ್ರೆಷರ್ ಬಿದ್ರ ಹತ್ತೂ ಲೈಟ್) ಮೊದಲ ಹತ್ತಿದ್ದು ಬೇಸಿಗ್ಯಾಗ, ಧಾರವಾಡದಿಂದ ವಾಪಸ್ ಬರೂ ಮುಂದ, ಉಣಕಲ್ ದಾಟಿ ಸಿಗ್ನಲ್‌ನ್ಯಾಗ ನಿಂತಾಗ. ಮಿಣಮಿಣ ಅಂತಿತ್ತು, ಸ್ವಲ್ಪ ರೇಸ್ ಕೊಟ್ರ ಆರೂದು, ಕಾಲು ತಗದ್ರ ಮತ್ತ ಹತ್ತೂದು. ಕಡ್ಡಿ ತಗದು ನೋಡಿದ್ರ ಎಣ್ಣಿ ಬರೊಬ್ಬರಿ ಇತ್ತು. ವರ್ಷಾನುಗಟ್ಟಲೆ ಸರ್ವಿಸ್ ಮಾಡಿಸ್ತಿದ್ದ ಗ್ಯಾರೇಜಿಗೇ ಒಯ್ದೆ. ಆ ಮನಷ್ಯಾ ಬಾನೆಟ್ ಎತ್ತಿದವನs ಆಯಿಲ್ ಪ್ರೆಷರ್ ಸ್ವಿಚ್ಚಿನ ವಾಯರ್ ಕಿತ್ತಿದ, ಲೈಟ್ ಆರಿತು, "ನೋಡ್ರಿ, ಸ್ವಿಚ್ ಹೋಗೇತಿ" ಅಂದ. ಈ ಮಾತು ಕೇಳಿದ್ರ ಅಲ್ಲೇ ಹುಷಾರ್ ಆಗ್ರಿ. ಪ್ರೆಷರ್ ಇಲ್ಲದಾಗ ಆ ಸ್ವಿಚ್ ವಾಯರನ್ನ ಅರ್ತ್ ಮಾಡತೈತಿ, ಅದಕ್ಕs ಲೈಟ್ ಹತ್ತೂದು. ಸ್ವಿಚ್ ಖರಾಬ್ ಆಗಿದ್ರೂ ವಾಯರ್ ಕಿತ್ರ ಲೈಟ್ ಆರತೈತಿ, ಖರೇನ ಪ್ರೆಷರ್ ಬಿದ್ದಿದ್ರೂ ಆರತೈತಿ. ವಾಯರ್ ಕಿತ್ತಮ್ಯಾಲೂ ಹತ್ತೇ ಇದ್ರ ವಾಯರ್ ಎಲ್ಲೋ ಬಾಡಿಗೆ ತಾಗೇತಿ ಅಂತ, ಅಷ್ಟs ಅದರಿಂದ ಗೊತ್ತಾಗೂದು. ಬ್ಯಾರೆ ಯಾವುದೋ ಗಾಡಿದು ಸ್ವಿಚ್ ತಂದು ಕೂಡಿಸಿದ, ಅದು ಎಷ್ಟಕ್ಕ ಹತ್ತತೈತಿ ಅಂತ ಅವಗೂ ಗೊತ್ತಿರಲಿಲ್ಲ, ಲೈಟ್ ಸುಮ್ಮನಾತು.

ಮತ್ತ ಹತ್ತಿದಾಗ ಪಂಪ್ ಹೋಗೇತಿ ಅಂದ. ಸಂಜೀಮುಂದ ಗಾಡಿ ಬಿಟ್ಟೆ, ಮರುದಿನ ಸಂಜೀಗೆ ರೆಡಿ! ಹೊಸಾ ಪಂಪ್, ಕೂಲಿ, ಆಯಿಲ್ ಅಂತ ದೊಡ್ಡ ಬಿಲ್. ಸಿಕ್ಕಾ ಹೊಡದು ಕೊಡು ಅಂತ ಹಟ ಹಿಡದು ಚೀಟಿ ತಗೊಂಡೆ. "ಇದು ನಿಮ್ಮ ಹಳೇ ಪಂಪ್ ರೀ" ಅಂತ ಪೇಪರಿನ್ಯಾಗ ಸುತ್ತಿ ಡಿಕ್ಕಿಯೊಳಗ ಇಟ್ಟ. ಲೈಟಿನ ಸುಳಿವಿಲ್ಲ, ಗಾಡಿ ಮಸ್ತ್ ಅನಿಸಿತು.

ಗದಗಿಗೆ ಹೊಂಟಾಗ ಅಣ್ಣಿಗೇರಿ ಹತ್ರ ಎಂಜಿನ್ ಕೆಳಗಿಂದ ದಡದಡ ಬಡಿಯಾಕ ಹತ್ತಿತು, ಮ್ಯಾಲಿನ ಟ್ಯಾಪೆಟ್ ಟಿಕಟಿಕ ಅಲ್ಲ, ಭಾರೀ ಸಪ್ಪಳ, ರೇಸ್ ಕೊಟ್ಟಂಗ ಹೆಚ್ಚಾಗೂ ಅಂಥದ್ದು. ಲೈಟ್ ಹತ್ತs ಇಲ್ಲ ನೋಡ್ರಿ! ಅಲ್ಲೇ ಬಂದ್ ಮಾಡಿ, ಕಟ್ಟಿ ಎಳಿಸ್ಕೊಂಡು ಗದಗಿನ ಒಬ್ಬ ವಯಸ್ಸಾದ ಮಿಸ್ತ್ರಿ ಚಾಚಾನ ಕಡೆ ಹೋದ್ವಿ.

ಚಾಚಾ ಗಾಡಿ ಕೆಳಗ ಮಲಗಿ ಬ್ಯಾಟರಿ ಹಿಡದು ಭಾಳೊತ್ತು ನೋಡಿದ. ಆಮ್ಯಾಲೆ ನನ್ನನ್ನೂ ಕರದು ತೋರಿಸಿದ. ಚೇಂಬರಿನ, ಅಂದ್ರ ಎಂಜಿನ್ ಕೆಳಗಿನ ಎಣ್ಣಿ ತೊಟ್ಟಿಯ, ಪ್ಯಾಕಿಂಗ್ ಹೊಸಾದು, ನಟ್ ಎಲ್ಲಾ ಥಳಥಳ. ಆದ್ರ ಗೇರ್‌ಬಾಕ್ಸ್ ಎಂಜಿನ್ನಿಗೆ ಕೂಡೂ ಜಾಗಾದ ಬೋಲ್ಟುಗೋಳ ಮ್ಯಾಲೆ ಎಣ್ಣಿ-ಧೂಳು ಕೂಡಿದ ಕರೀ ಜಿಡ್ಡು ಹಂಗs ಗಟ್ಟಿಯಾಗಿ ಕುಂತಿತ್ತು, ಪಾನಾ ತಾಗಿದ ಒಂದು ಗೆರಿ ಸೈತ ಇಲ್ಲ. "ತಮ್ಮಾ, ಇದನ್ನ ಯಾರೂ ಬಿಚ್ಚೇ ಇಲ್ಲಲೋ, ಪಂಪ್ ಎಲ್ಲಿಂದ ತಗದ್ರು?" ಅಂದ.

ಇದನ್ನ ತಿಳ್ಕೋರಿ. ಎ-ಸೀರೀಸಿನ್ಯಾಗ ಆಯಿಲ್ ಪಂಪ್ ಬ್ಲಾಕಿನ ಹಿಂದಿನ ಮಾರಿಗೆ ಕೂತಿರತೈತಿ, ಕ್ಯಾಮ್‌ಶಾಫ್ಟಿನ ಹಿಂದಿನ ತುದಿ ಅದನ್ನ ತಿರಗಸ್ತೈತಿ. ಅದಕ್ಕ ಕೈ ಮುಟ್ಟಬೇಕಂದ್ರ ಎಂಜಿನ್ನರ ಗೇರ್‌ಬಾಕ್ಸರ ಇಳೀಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತಗೀಬೇಕು, ಅದರ ಹಿಂದಿನ ಪ್ಲೇಟ್ ತಗೀಬೇಕು. ಅಂಬಾಸಡರಿನ ಬಿ-ಸೀರೀಸಿನ್ಯಾಗ ಹಂಗಲ್ಲ, ಪಂಪ್ ಕೆಳಗ ಚೇಂಬರಿನ ಒಳಗ ಜೋತಾಡ್ತಿರತೈತಿ, ಚೇಂಬರ್ ಇಳಿಸಿದ್ರ ಕೈಗೆ ಸಿಗತೈತಿ. ಡಿಕ್ಕಿಯೊಳಗಿನ "ಹಳೇ ಪಂಪ್" ತಗದು ಚಾಚಾನ ಕೈಯಾಗ ಕೊಟ್ಟೆ, ಬಿಚ್ಚಿ ನೋಡಿದವನs ನಕ್ಕುಬಿಟ್ಟ. ಕೆಳಗ ಜಾಳಿಗಿ ಹಚ್ಚಿದ ದೊಡ್ಡ ಪಂಪ್, ಅಂಬಾಸಡರದ್ದು! ಮೈನರಿಂದು ಮುಷ್ಟಿಯೊಳಗ ಹಿಡಿಯೂವಷ್ಟು ಸಣ್ಣದು, ಜಾಳಿಗಿ ಅದಕ್ಕ ಬ್ಯಾರೆ ಕಡೆ ಇರತೈತಿ.

ಹಂಗಾರ ಲೈಟ್ ಆರಿದ್ದು ಹೆಂಗ? ಬ್ಲಾಕಿನ ಹಿಂದಿನ ಬದಿ ಗುಂಡನೆ ತಲಿಯ ಒಂದು ನಟ್ ಐತಿ, ಅದರ ಹಿಂದ ರಿಲೀಫ್ ವಾಲ್ವಿನ ಸ್ಪ್ರಿಂಗ್. ಚಾಚಾ ಅದನ್ನ ಬಿಚ್ಚಿದ್ರ ಸ್ಪ್ರಿಂಗಿನ ಬೆನ್ನಿಗೆ ವಾಶರ್ ತುರುಕಿದ್ರು, ಸ್ಪ್ರಿಂಗ್ ಬಿಗಿ ಆಗ್ಲಿ ಅಂತ. ಸಾಲದ್ದಕ್ಕ ಎಂಜಿನ್ನಿಗೆ ಜಾಡು, ಅಂದ್ರ ದಪ್ಪ, ಎಣ್ಣಿ ಸುರದಿದ್ರು. ಆ ವಾಲ್ವ್ ಪ್ರೆಷರ್ ಹುಟ್ಟಸಂಗಿಲ್ರಿ, ಹೆಚ್ಚಾಗಿದ್ದನ್ನ ಬಿಟ್ಟು ಕೊಡತೈತಿ ಅಷ್ಟs. ವಾಶರ್ ಹಾಕಿದ್ರ ತಣ್ಣಗಿದ್ದಾಗ ಗೇಜ್ ಮ್ಯಾಲೆ ಹೋಗಿ ಚಂದ ಕಾಣತೈತಿ, ಆದ್ರ ಬೇರಿಂಗ್ ಸವದು ಸಡ್ಲಾಗಿದ್ರ ಎಂಜಿನ್ ಬಿಸಿಯಾಗಿ ಐಡಲ್ ಆದಾಗ ಎಣ್ಣಿ ಆ ಸಂದ್ಯಾಗಿಂದ ಹರದು ಹೋಗೂದು ಹೋಗs ಹೋಗತೈತಿ. ಎಣ್ಣಿ ಜಾಡಿದ್ದದ್ದಕ್ಕ ಮತ್ತ ಆ ಅನಾಥ ಸ್ವಿಚ್ಚಿಗೆ ಲೈಟ್ ಹತ್ತಲಿಲ್ಲ, ಒಳಗ ಬೇರಿಂಗ್ ಮಾತ್ರ ಸಾಯಾಕತ್ತಿತ್ತು. ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡೂ ಜಾಗಾದ್ದು) ತಗದ್ರ ಬೂದಿ ಬಣ್ಣದ ಪದರ ಹೋಗಿ ಒಳಗಿನ ತಾಮ್ರ ಕೆಂಪಗ ಕಾಣಾತಿತ್ತು. ಬೆನ್ನಿಗೆ 010 ಅಂತ ಅಚ್ಚು, ಅಂದ್ರ ಕ್ರ್ಯಾಂಕ್ ಮೊದಲs ಒಂದ್ಸಲ 10 ಥೌ (ಇಂಚಿನ ಸಾವಿರದಾಗ 10 ಪಾಲು) ಗ್ರೈಂಡ್ ಆಗಿತ್ತು.

ಸವಕಳಿಗೆ ಕಾರಣಾನೂ ಅಲ್ಲೇ ಸಿಕ್ಕಿತು. ಮೈನರಿನ ಫಿಲ್ಟರ್ ಅಂದ್ರ ಬ್ಲಾಕಿಗೆ ಜೋತಬಿದ್ದ ಒಂದು ಬಟ್ಟಲ, ಒಳಗ ಎಲಿಮೆಂಟ್, ಅದರ ಕೆಳಗ ಒಂದು ಸ್ಪ್ರಿಂಗ್ ಮತ್ತ ಪ್ಲೇಟ್ ಇದ್ದು ಎಲಿಮೆಂಟನ್ನ ಮ್ಯಾಲಕ್ಕ ಒತ್ತಿ ಹಿಡೀಬೇಕು. ನಮ್ಮದರಾಗ ಆ ಸ್ಪ್ರಿಂಗs ಇರಲಿಲ್ಲ, ಯಾವ ಸರ್ವಿಸಿನ್ಯಾಗ ಕಳಕೊಂಡ್ರೋ. ಎಲಿಮೆಂಟ್ ತಳದಾಗ ಸಡ್ಲ ಕುಂತು ಎಣ್ಣಿ ಸೋಸದs ಮ್ಯಾಲಿಂದ ದಾಟಿ ಹೋಗ್ತಿತ್ತು. ಪ್ರತಿ ಸಲ "ಫಿಲ್ಟರ್ ಬದಲ್" ಅಂತ ರೊಕ್ಕ ಮಾತ್ರ ಬರೊಬ್ಬರಿ ತಗೊಂಡಾರ. ನೀವು ಸರ್ವಿಸಿಗೆ ಕೊಟ್ರ ಬಟ್ಟಲ ಬಿಚ್ಚೂ ಮುಂದ ಎದುರಿಗೆ ನಿಂದರ್ರಿ, ಸ್ಪ್ರಿಂಗ್ ಐತೋ ಇಲ್ಲೋ ಕಣ್ಣಾರೆ ನೋಡ್ರಿ. ಬಟ್ಟಲ ಕೂಡೂ ಮ್ಯಾಲಿನ ತೋಡಿನ್ಯಾಗ ಹಳೇ ರಬ್ಬರ್ ರಿಂಗ್ ಅಂಟಿಕೊಂಡಿದ್ರ ಅದನ್ನ ಕೆರದು ತಗಸ್ರಿ, ಅದರ ಮ್ಯಾಲೇನ ಹೊಸಾದು ಕೂಡಿಸಿದ್ರ ಸೋರತೈತಿ.

ಲೈಟ್ ಹತ್ತಿದ್ರ ಯಾರೇನರ ಹೇಳ್ಲಿ, ಮೊದಲ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಹಚ್ಚಸ್ರಿ. ಸ್ವಿಚ್ ತಗದು ಆ ತೂತಿಗೇ ಹಚ್ಚಬಹುದು, ಥ್ರೆಡ್ ಮಾತ್ರ ಹೊಂದಿಸಿ ನೋಡ್ರಿ, ಜುಲ್ಮಿ ಮಾಡಿ ತಿರುವಿದ್ರ ಬ್ಲಾಕ್ ಹಾಳು. ಎಂಜಿನ್ ಪೂರಾ ಬಿಸಿ ಆದಮ್ಯಾಲೆ ಓದ್ರಿ, ತಣ್ಣಗಿದ್ದಾಗಿನ ಲೆಕ್ಕ ಲೆಕ್ಕ ಅಲ್ಲ. ಓಡೂ ಮುಂದ 60 ಪಿಎಸ್ಐ ಸುಮಾರು, ಐಡಲ್‌ನ್ಯಾಗ 15 ಇದ್ರ ಈ ಎಂಜಿನ್ನಿಗೆ ಚಿಂತಿಲ್ಲ. ಓಡೂ ಮುಂದ ಚಲೋ ಇದ್ದು ಐಡಲ್‌ನ್ಯಾಗ ಪೂರಾ ಬಿದ್ರ ಬೇರಿಂಗ್ ಇಲ್ಲಾ ಎಣ್ಣಿ ತೆಳುವು. ತಣ್ಣಗಿರ್ಲಿ ಬಿಸಿ ಇರ್ಲಿ ಯಾವಾಗ್ಲೂ ಕಡಿಮಿ ಇದ್ರ ರಿಲೀಫ್ ವಾಲ್ವಿನ್ಯಾಗ ಕಸಾ ಸಿಕ್ಕು ತೆರದs ನಿಂತಿರಬಹುದು, ಜಾಳಿಗಿ ಕಟ್ಟಿರಬಹುದು, ಪಂಪ್ ಸವದಿರಬಹುದು. ವಾಲ್ವ್ ಬಿಚ್ಚಿ ತೊಳಿಯೂದು ಸಣ್ಣ ಕೆಲಸ, ಅದನ್ನ ಮೊದಲ ಮಾಡಸ್ರಿ. ಮುಂಜಾನೆ ಚಾಲೂ ಮಾಡಿದಾಗ ಲೈಟ್ ಆರಾಕ ಸ್ವಲ್ಪ ಹೊತ್ತು ತಗೊಂಡ್ರ ಗಾಬರಿ ಬ್ಯಾಡ, ರಾತ್ರಿ ಎಣ್ಣಿ ಕೆಳಗ ಇಳದಿರತೈತಿ. ಆದ್ರ ಓಡೂ ಗಾಡಿಯೊಳಗ ಹತ್ತಿದ್ರ ಅಲ್ಲೇ ಬಂದ್ ಮಾಡ್ರಿ, ಮನಿ ಇಲ್ಲೇ ಐತಿ ಅಂತ ಓಡಸಬ್ಯಾಡ್ರಿ.

ಈಗ ಕ್ರ್ಯಾಂಕ್ ಹುಬ್ಬಳ್ಯಾಗ 20 ಥೌಗೆ ಗ್ರೈಂಡ್ ಆಗಿ ಬಂದೈತಿ, ಬೇರಿಂಗ್ ಸೆಟ್ಟು, ಖರೇ ಪಂಪು ಇಂಗ್ಲೆಂಡಿಂದ ತರಿಸೇನಿ, ಮೈನರಿನ ಸಾಮಾನು ಅಲ್ಲಿ ಇನ್ನೂ ಸಿಗತಾವು, ಕಸ್ಟಮ್ಸ್ ಮಾತ್ರ ಕಣ್ಣೀರು ತರಸ್ತು. ಚಾಚಾ ಎಂಜಿನ್ ಇಳಿಸೇ ಎಲ್ಲಾ ಕೂಡಿಸ್ಯಾನ.

ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕ ದೂರು ಕೊಟ್ಟೇನಿ. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಫೀ ಇಲ್ಲ, 2 ವರ್ಷದೊಳಗ ಕೊಡಬೇಕು. ಸಿಕ್ಕಾ ಇದ್ದ ಚೀಟಿ, ಬಿಚ್ಚದ ಬೋಲ್ಟಿನ ಫೋಟೋ, ಆ ವಾಶರ್ ಎಲ್ಲಾ ಇಟ್ಟೇನಿ. ಮೊನ್ನೆ ಗ್ಯಾರೇಜಿನಾವ ಫೋನ್ ಮಾಡಿ "ಆ ಹಳೇ ಪಂಪ್ ವಾಪಸ್ ಕೊಡ್ರಿ ಸರ್, ಕೂಲಿ ರೊಕ್ಕ ತಿರಗಿ ಕೊಡ್ತೀನಿ" ಅಂದ. ಪಂಪ್ ಈಗ ವಕೀಲರ ಆಫೀಸಿನ್ಯಾಗ ಐತಿ, ಅಲ್ಲೇ ಹೋಗಿ ಕೇಳು ಅಂದೆ.